ಗೇಟಿನ ತನಕ ಬಂದ ದನಿ

ಪುಸ್ತಕದ ಬೆನ್ನಿಗೆ ಅಂಟು ಹಚ್ಚಿ, ಅದರ ಮೇಲೆ ಬಟ್ಟೆಯನ್ನು ಎಳೆದು ಕೂರಿಸುತ್ತಿದ್ದಳು ಅವಳು. ಈ ಹೊತ್ತಿನಲ್ಲಿ ಕೈ ತೆಗೆಯುವಂತಿಲ್ಲ. ಬಟ್ಟೆ ಒಂದು ಎಳೆಯಷ್ಟು ಸರಿದರೂ ಪುಸ್ತಕ ಬದುಕಿರುವಷ್ಟು ದಿನ ಸೊಟ್ಟಗೆ ನಿಲ್ಲುತ್ತದೆ.

ಆಗಲೇ ಅವಳ ಬೆನ್ನ ಹಿಂದೆ ಹಾಡು ಶುರುವಾಯಿತು.

ಕಪಾಟಿನ ಮೇಲಿನ ಸ್ಪೀಕರಿನಲ್ಲಿ. ಅದನ್ನು ಯಾರೂ ಹಾಕಿರಲಿಲ್ಲ.

ಅವಳು ತಿರುಗಿ ನೋಡಲಿಲ್ಲ. ಗಡಿಯಾರದತ್ತ ಮಾತ್ರ ಕಣ್ಣೆತ್ತಿದಳು. ನಾಲ್ಕು ಗಂಟೆ ಐದು ನಿಮಿಷ. ನಿನ್ನೆಯೂ ಹೆಚ್ಚುಕಮ್ಮಿ ಇದೇ ಹೊತ್ತು. ಮೊನ್ನೆಯೂ...

ಹೊರಗೆ ಬಿಸಿಲು ಬೀದಿಯ ಉದ್ದಕ್ಕೂ ಹಾಸಿಕೊಂಡು ಬಿದ್ದಿತ್ತು. ಹೆದರಿಕೆಗೆ ಕತ್ತಲೆಯೇ ಬೇಕೆಂದಿಲ್ಲ. ಬಿಸಿಲಿನಲ್ಲಿ ಬರುವ ಹೆದರಿಕೆ ಇನ್ನೂ ಕೆಟ್ಟದ್ದು, ದೀಪ ಹಾಕಿ ಅದನ್ನು ಓಡಿಸುವಂತಿಲ್ಲವಲ್ಲ.

ಪುಸ್ತಕದ ಮೇಲೆ ಭಾರದ ಕಲ್ಲಿಟ್ಟು, ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು, ಏನೂ ಕೇಳಿಸದವಳ ಹಾಗೆ ಅವಳು ಅಡುಗೆಮನೆಗೆ ನಡೆದಳು.

ಮುಂದಿನ ಕೋಣೆಯಲ್ಲಿ ಹಾಡು ನಿಂತಿತು.

ಒಂದು ಉಸಿರು... ಎರಡು ಉಸಿರು...

ಅಡುಗೆಮನೆಯ ಕಿಟಕಿಯ ಪಕ್ಕದ ಸ್ಪೀಕರಿನಲ್ಲಿ ಅದೇ ಹಾಡು, ಎಲ್ಲಿ ನಿಂತಿತ್ತೋ ಆ ಪದದಿಂದಲೇ ಮುಂದುವರಿಯಿತು.

'ನಾನು ಎಲ್ಲಿದ್ದೇನೆ ಅಂತ ಅದಕ್ಕೆ ಗೊತ್ತು...'

ಅವಳು ಹಿತ್ತಲ ಬಾಗಿಲ ಚಿಲಕ ನೋಡಿದಳು. ಹಾಕಿಯೇ ಇತ್ತು. ಮತ್ತೆ ಮುಂದಿನ ಕೋಣೆಗೆ ಬಂದಳು. ಹಾಡೂ ಬಂತು. ಸಾಕಿದ ಬೆಕ್ಕಿನ ಹಾಗೆ, ಹೋದಲ್ಲೆಲ್ಲ ಕಾಲಿಗೆ ಸುತ್ತಿಕೊಂಡು.

ಒಟ್ಟು ಮೂರು ಹಾಡು. ಮೂರೂ ಅಮ್ಮನಿಗೆ ಇಷ್ಟವಾದವು. ಎಂಟು ತಿಂಗಳ ಹಿಂದೆ ತೀರಿಕೊಂಡ ಅಮ್ಮನಿಗೆ.

ಮೂರನೆಯ ಹಾಡು ಮುಗಿಯಿತು. ಸ್ಪೀಕರಿನೊಳಗೆ ಗಾಳಿ ಆಡಿದಂತಹ ಸದ್ದು. ಆಮೇಲೆ ಯಾರೋ ಎರಡು ಸಲ ಕೆಮ್ಮಿದರು. ಒಣ ಕೆಮ್ಮು. ಕೊನೆಯಲ್ಲಿ ಗಂಟಲು ಕೆರೆದುಕೊಳ್ಳುವ ಆ ಸಣ್ಣ ಸದ್ದು.

ಪ್ರಪಂಚದಲ್ಲಿ ಸಾವಿರ ಜನ ಕೆಮ್ಮಿದರೂ ಆ ಕೆಮ್ಮು ಅವಳಿಗೆ ಗೊತ್ತು. ನಾಲ್ಕು ವರ್ಷ ಅದೇ ಕೆಮ್ಮಿಗೆ ಎಚ್ಚರಗೊಂಡವಳು, ಬೆನ್ನು ನೀವಿದವಳು.

ಅವಳು ಓಡಿಹೋಗಿ ಪ್ಲಗ್ ಕಿತ್ತಳು. ವೈಫೈ ಡಬ್ಬಿಯ ಸ್ವಿಚ್ಚನ್ನೂ ಆರಿಸಿದಳು. ಮನೆ ಸುಮ್ಮನಾಯಿತು. ಆ ಸುಮ್ಮನಿರುವಿಕೆ ಹಾಡಿಗಿಂತ ಕೆಟ್ಟದಾಗಿತ್ತು.

*

ಬೀದಿಯವರೆಲ್ಲ ಅವಳನ್ನು ಬೈಂಡರಮ್ಮ ಎನ್ನುತ್ತಿದ್ದರು. ವಯಸ್ಸು ಮೂವತ್ತನಾಲ್ಕು. ಶಾಲೆಗಳ ಹಳೆಯ ಪುಸ್ತಕ, ಕಚೇರಿಗಳ ಹರಿದ ಕಡತ, ಯಾರದೋ ಅಜ್ಜಿಯ ಕಾಲದ ಪತ್ರಗಳ ಕಟ್ಟು, ಎಲ್ಲ ಅವಳ ಮೇಜಿಗೆ ಬಂದು ಹೊಸ ಬೆನ್ನು ಹಾಕಿಸಿಕೊಂಡು ಹೋಗುತ್ತಿದ್ದವು. ಮನೆಯಲ್ಲಿ ಈಗ ಇದ್ದವರು ಅವಳು ಮತ್ತು ಅಮ್ಮನ ತಂಗಿ, ಅವಳ ಚಿಕ್ಕಮ್ಮ.

ಚಿಕ್ಕಮ್ಮನಿಗೆ ಕಿವಿ ಮಂದ. ಮಷೀನು ಹಾಕಿಕೊಂಡರೆ ಮೂರು ಮನೆಯಾಚೆಯ ಜಗಳವೂ ಕೇಳಿಸುತ್ತದೆ, ತೆಗೆದರೆ ಗುಡುಗೂ ಇಲ್ಲ. ಮೂರೂವರೆಗೆ ಮಷೀನು ತೆಗೆದು ಡಬ್ಬಿಗೆ ಹಾಕಿ, ಅಮ್ಮನ ಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿಕೊಂಡು ಮಲಗುವುದು ಅವಳ ವಾಡಿಕೆ. ಹಾಗಾಗಿ ಹದಿನೈದು ದಿನದಿಂದ ಈ ಮನೆಯಲ್ಲಿ ನಡೆಯುತ್ತಿದ್ದುದು ಒಬ್ಬಳ ಕಿವಿಗೆ ಮಾತ್ರ ಬಿದ್ದಿತ್ತು.

ಹೇಳಿಕೊಂಡರೆ ಚಿಕ್ಕಮ್ಮ ಏನೆನ್ನುತ್ತಾಳೆ? ನಿದ್ದೆಗೆಟ್ಟಿದ್ದೀಯ, ಎರಡು ದಿನ ಅಂಟಿನ ವಾಸನೆ ಬಿಟ್ಟು ಹೊರಗೆ ಓಡಾಡು ಎನ್ನುತ್ತಾಳೆ, ಅಷ್ಟೇ.

ಅವಳು ಬೀರುವಿನ ಕೆಳಗಿನ ಖಾನೆ ತೆರೆದಳು. ಅಮ್ಮ ಹೋದ ದಿನ ಅಮ್ಮನ ಟ್ಯಾಬನ್ನು ತಾನೇ ಒಂದು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಅಲ್ಲಿಟ್ಟಿದ್ದಳು. ಇದನ್ನು ಯಾರೂ ಮುಟ್ಟಬಾರದು ಎಂದಿದ್ದಳು. ಗಂಟು ಇದ್ದಲ್ಲೇ ಇತ್ತು. ಒತ್ತಿ ನೋಡಿದಳು. ಗಟ್ಟಿಯಾಗಿ, ಭಾರವಾಗಿ, ತಣ್ಣಗಿತ್ತು. ಬಿಚ್ಚುವ ಧೈರ್ಯವಾಗಲಿಲ್ಲ.

ಅಮ್ಮ ಹಾಸಿಗೆ ಹಿಡಿದ ಮೇಲೆ ಆ ಟ್ಯಾಬೇ ಅವಳ ಕೈ, ಕಾಲು, ಗಂಟಲು. ಮಲಗಿದಲ್ಲಿಂದಲೇ ಟಿವಿ ನಿಲ್ಲಿಸುತ್ತಿದ್ದಳು, ಹಾಡಿನ ಡಬ್ಬಿಯಲ್ಲಿ ತುಂಬಿಟ್ಟದ್ದನ್ನು ಹಾಕುತ್ತಿದ್ದಳು. ಕೂಗಲು ತ್ರಾಣವಿಲ್ಲದಾಗ ಟ್ಯಾಬಿಗೆ ಪಿಸುಗುಟ್ಟಿದರೆ ಸಾಕು, "ಮಗಳೇ, ನೀರು" ಎಂಬ ಮಾತು ಅಡುಗೆಮನೆಯ ಸ್ಪೀಕರಿನಲ್ಲಿ ಬರುತ್ತಿತ್ತು. ಅಮ್ಮ ಪ್ರತಿ ಸಲ ಬೆರಳಿನಿಂದ ಕೋಣೆಯನ್ನು ಆರಿಸುತ್ತಾಳೆ ಎಂದೇ ಅವಳು ತಿಳಿದಿದ್ದಳು.

ಹಾಗಾದರೆ ಈಗ ಆರಿಸುತ್ತಿರುವ ಬೆರಳು ಯಾರದು?

ಎರಡೇ ಉತ್ತರ ಅವಳಿಗೆ ಹೊಳೆದದ್ದು. ಮೊದಲನೆಯದನ್ನು ನೆನೆದರೆ ಮೈ ಜುಮ್ಮೆನ್ನುತ್ತಿತ್ತು. ಎರಡನೆಯದನ್ನು ನೆನೆದರೆ ಮೈ ಉರಿಯುತ್ತಿತ್ತು.

ಎರಡನೆಯವನು, ಇದನ್ನೆಲ್ಲ ಜೋಡಿಸಿ ಕೊಟ್ಟವನು.

ಮೂರನೇ ಬೀದಿಯ ರಿಪೇರಿ ಅಂಗಡಿಯವನು. ಚಿಕ್ಕಮ್ಮ ಅವನಿಗಿಟ್ಟ ಹೆಸರು ತಂತಿ. ಎರಡು ವರ್ಷದ ಹಿಂದಿನವರೆಗೆ ಪ್ರತಿ ಶನಿವಾರ ಬರುತ್ತಿದ್ದ. ಅಮ್ಮನ ಮಂಚದ ಪಕ್ಕ ಕೂತು ಅದೂ ಇದೂ ಸರಿಮಾಡುತ್ತ, ತನ್ನ ಫೋನಿನಿಂದ ಅಡುಗೆಮನೆಯ ಸ್ಪೀಕರಿಗೆ ಒಂದು ಹಾಡು ಕಳಿಸುತ್ತಿದ್ದ. ಅವಳು ಪಾತ್ರೆ ತೊಳೆಯುತ್ತಿದ್ದ ಒದ್ದೆ ಕೈಯನ್ನು ಸೆರಗಿಗೆ ಒರೆಸಿ, ಅದರ ದನಿಯನ್ನು ಒಂದೇ ಒಂದು ಪಾಯಿಂಟ್ ಇಳಿಸುತ್ತಿದ್ದಳು. ಕೇಳಿಸಿತು ಎಂಬುದಕ್ಕೆ ಅವರಿಬ್ಬರ ಗುರುತು ಅದು. ಅದಕ್ಕಿಂತ ಹೆಚ್ಚಿನ ಒಂದು ಮಾತೂ ಅವರ ನಡುವೆ ಆಗಿರಲಿಲ್ಲ. ಆಗುವುದರಲ್ಲಿತ್ತು...

ಒಂದು ಶನಿವಾರ ಅವನು ಬರಲಿಲ್ಲ. ಮರುವಾರವೂ ಇಲ್ಲ. ಅಮ್ಮನನ್ನು ಕೇಳಿದರೆ, ಈ ಮನೆಯ ಕೆಲಸ ಅವನಿಗೆ ಸಾಕಾಗಿದೆಯಂತೆ, ಇನ್ನು ಬರುವುದಿಲ್ಲವಂತೆ ಎಂದು ಗೋಡೆಯ ಕಡೆ ತಿರುಗಿ ಹೇಳಿದಳು.

ಅವಳು ಒಂದು ಕಾಗದ ಬರೆದಳು. ಲಕೋಟೆಗೆ ಹಾಕಿ, ಅಂಗಡಿಯ ವಿಳಾಸ ಬರೆದು ಅಂಚೆಚೀಟಿಯನ್ನೂ ಹಚ್ಚಿದಳು. ಅಂಚೆಪೆಟ್ಟಿಗೆಯ ತನಕ ಹೋದವಳು, ಸಾಕು ಎಂದು ಹೋದವನ ಬಾಗಿಲಿಗೆ ತಾನೇಕೆ ಹೋಗಿ ನಿಲ್ಲಬೇಕು ಎನಿಸಿ ಹಿಂದಿರುಗಿದಳು. ಹರಿದು ಹಾಕಲು ಮನಸ್ಸು ಬರಲಿಲ್ಲ. ಬೈಂಡರಲ್ಲವೆ? ಒಂದು ಖಾಲಿ ಪುಸ್ತಕ ಕಟ್ಟಿ, ಅದರ ರಟ್ಟಿಗೂ ಒಳಹಾಳೆಗೂ ನಡುವೆ ಕಾಗದವನ್ನಿಟ್ಟು ಅಂಟಿಸಿಬಿಟ್ಟಳು. ನೀಲಿ ಬಟ್ಟೆಯ ಆ ಪುಸ್ತಕ ಇಂದಿಗೂ ಕಪಾಟಿನಲ್ಲಿದೆ. ದೂಳು ಹೊಡೆಯುವಾಗ ಅದನ್ನು ಮಾತ್ರ ಎರಡು ಸಲ ಒರೆಸುತ್ತಾಳೆ.

*

ಮಾರನೆಯ ಬೆಳಿಗ್ಗೆಯೇ ಅವಳು ಅವನ ಅಂಗಡಿಯ ಮೆಟ್ಟಿಲೇರಿದಳು.

ಎಲ್ಲ ಹಳೆಯ ಹಾಗೆಯೇ ಇತ್ತು. ಬೆನ್ನು ಬಿಚ್ಚಿದ ಟಿವಿಗಳು, ದೂಳು ಹಿಡಿದ ಪೆಟ್ಟಿಗೆಗಳು, ಸಿಕ್ಕುಬಿದ್ದ ತಂತಿ. ಬಾಗಿಲಿಗೆ ತೂಗುಹಾಕಿದ, ಅಂಚೆಯ ಕಾಗದ ಹಾಕುವ ಡಬ್ಬಿಯೊಂದರ ಮೇಲೆ ಮಾತ್ರ ಒಂದು ಚೂರೂ ದೂಳಿರಲಿಲ್ಲ. ಅದು ಅವಳಿಗೆ ವಿಚಿತ್ರವಾಗಿ ಕಂಡಿತು.

ಅವನು ತಲೆಯೆತ್ತಿ ನೋಡಿದವನೇ ಎದ್ದು ನಿಂತ. ತೊಡೆಯ ಮೇಲಿದ್ದ ಸ್ಕ್ರೂಗಳೆಲ್ಲ ನೆಲಕ್ಕೆ ಬಿದ್ದು ಉರುಳಿದವು. ಇಬ್ಬರೂ ಅವು ನಿಲ್ಲುವವರೆಗೆ ನೆಲವನ್ನೇ ನೋಡಿದರು.

ಕಿವಿಯ ಹತ್ತಿರ ನಾಲ್ಕು ಬಿಳಿ ಕೂದಲು ಬಂದಿವೆ... ಎಂದು ಅವಳ ಮನಸ್ಸು ಎಣಿಸಿತು. ಎಣಿಸಿದ್ದಕ್ಕೆ ಅವಳೇ ಅದನ್ನು ಗದರಿದಳು.

"ನನ್ನ ಮನೇಲಿ ಆಟ ಆಡೋದು ನಿಲ್ಸಿ," ಎಂದಳು.

"ಯಾವ ಆಟ?"

ಅವಳು ಒಂದೇ ಉಸಿರಿಗೆ ಎಲ್ಲ ಹೇಳಿದಳು. ನಾಲ್ಕು ಗಂಟೆಯ ಹಾಡು, ಕೋಣೆಯಿಂದ ಕೋಣೆಗೆ ಹಿಂಬಾಲಿಸುವುದು, ಕೆಮ್ಮು. ಕೆಮ್ಮಿನ ಮಾತು ಬಂದಾಗ ದನಿ ನಡುಗಿತು. ಅದಕ್ಕಾಗಿ ಅವನ ಮೇಲೆ ಇನ್ನಷ್ಟು ಸಿಟ್ಟು ಬಂತು.

ಅವನು ತನ್ನ ಫೋನನ್ನು ತೆಗೆದು ಅವಳ ಮುಂದೆ ಮೇಜಿನ ಮೇಲಿಟ್ಟ. ಬರಬೇಡ ಎಂದ ದಿನವೇ ನಿಮ್ಮ ಮನೆಯನ್ನು ಇದರಿಂದ ಅಳಿಸಿದೆ, ಬೇಕಾದರೆ ನೋಡಿ ಎಂದ. ಅಳಿಸದಿದ್ದರೂ ಇಲ್ಲಿ ಕೂತು ಅಲ್ಲಿ ಹಾಡು ಹಾಕಲು ಆಗದು, ಹಾಗೆ ಆಗಬಾರದೆಂದೇ ತಾನು ಅದನ್ನು ಜೋಡಿಸಿದ್ದು, ಆ ಮನೆಯ ವೈಫೈ ಎಲ್ಲಿಯ ತನಕ ಇದೆಯೋ ಅಲ್ಲಿಯ ತನಕ ಮಾತ್ರ ಅದರ ಆಟ ಎಂದ.

ಬರಬೇಡ ಎಂದವರು ಯಾರು ಎಂದು ಅವಳು ಕೇಳಬೇಕಿತ್ತು. ಆದರೆ ಅವಳ ಕಿವಿ ಮುಂದಿನ ಮಾತಿನಲ್ಲಿ ಸಿಕ್ಕಿಬಿತ್ತು.

"ಅಂದ್ರೆ?"

ಅವನು ಫೋನನ್ನು ಮೆಲ್ಲಗೆ ತನ್ನತ್ತ ಎಳೆದುಕೊಂಡ.

"ಅಂದ್ರೆ, ಮಾಡ್ತಿರೋರು ನಿಮ್ಮ ಮನೆ ಒಳಗೇ ಇದ್ದಾರೆ."

ಹೊರಗೆ ಗಾಡಿಯೊಂದು ಹಾದುಹೋಯಿತು. ಅಂಗಡಿಯ ಗಾಜುಗಳೆಲ್ಲ ಒಮ್ಮೆ ನಡುಗಿ ಸುಮ್ಮನಾದವು.

"ನಿಮ್ಮ ಯಜಮಾನರಿಗೂ ಕೇಳಿಸ್ತಿದ್ಯಾ?" ಎಂದ, ನೆಲದ ಸ್ಕ್ರೂ ಹೆಕ್ಕುತ್ತ.

"ಯಾವ ಯಜಮಾನರು? ಮನೇಲಿರೋದು ನಾನು, ಚಿಕ್ಕಮ್ಮ. ಹಾಸ್ಯ ಬೇಡ."

ಹೆಕ್ಕುತ್ತಿದ್ದ ಕೈ ಅಲ್ಲೇ ನಿಂತಿತು. ಅವನು ತಲೆಯೆತ್ತಿ ಅವಳನ್ನು ನೋಡಿದ ರೀತಿ ಅವಳಿಗೆ ಅರ್ಥವಾಗಲಿಲ್ಲ.

ಶನಿವಾರ ಬಂದು ಎಲ್ಲವನ್ನೂ ಕಿತ್ತುಹಾಕಿ ಎಂದಳು ಅವಳು. ಸ್ಪೀಕರು, ಡಬ್ಬಿ, ಟ್ಯಾಬು. ಒಳಗಿರುವುದೆಲ್ಲ ಅಳಿಸಿಹೋಗಬೇಕು, ಒಂದು ಹಾಡೂ ಉಳಿಯಬಾರದು. ಆಮೇಲೆ ಈ ಮನೆಗೂ ನಿಮಗೂ ಯಾವ ಲೆಕ್ಕವೂ ಇಲ್ಲ.

"ಅಮ್ಮನ ದನಿ ಇದ್ದೀತು ಅದರಲ್ಲಿ. ಅಳಿಸಿದ್ರೆ ಮತ್ತೆ ಬರಲ್ಲ. ಯೋಚ್ನೆ ಮಾಡಿದೀರಾ, ಬೈಂಡರಮ್ಮ?"

ಆ ಹೆಸರನ್ನು ಅವನು ಕರೆಯುತ್ತಿದ್ದ ರೀತಿಯಲ್ಲಿ ಬೀದಿಯಲ್ಲಿ ಬೇರೆ ಯಾರೂ ಕರೆಯುತ್ತಿರಲಿಲ್ಲ. ಅವಳು ಮೆಟ್ಟಿಲಿಳಿದಳು.

*

ಶನಿವಾರ ಮೂರು ಗಂಟೆಗೆ ಅವನು ಗೇಟು ತೆರೆದ. ಚಿಕ್ಕಮ್ಮ ಬಾಗಿಲಲ್ಲೇ ಹಿಡಿದುಕೊಂಡಳು.

"ಏನಪ್ಪಾ ತಂತಿ, ಎರಡು ವರ್ಷ ಎಲ್ಲಿ ಕರೆಂಟ್ ಹೋಗಿತ್ತು?"

ಅವನು ನಕ್ಕ. ಹೋಗಿತ್ತಮ್ಮ, ಯಾರೋ ಫ್ಯೂಸ್ ಕಿತ್ತಿದ್ದರು ಎಂದ. ಚಿಕ್ಕಮ್ಮ ಟೀ ಕೊಟ್ಟು, ಅವನ ಹೊಟ್ಟೆ ಬಂದಿದೆ ಎಂದು ಹಂಗಿಸಿ, ಬಿಳಿಕೂದಲಿನ ಬಗ್ಗೆ ವಿಚಾರಿಸಿ, ಮೂರೂವರೆಗೆ ಸರಿಯಾಗಿ ಕಿವಿಯ ಮಷೀನು ತೆಗೆದು ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಅವನು ಮೇಜಿನ ಮೇಲೆ ಸ್ಕ್ರೂಡ್ರೈವರ್‌ಗಳನ್ನು ಸಾಲಾಗಿಟ್ಟ. ಕೀಳುವ ಮುಂಚೆ ಯಾವುದು ಯಾವುದು ಜೀವಂತ ಇದೆ ನೋಡಿಬಿಡುತ್ತೇನೆ ಎಂದು, ಅವಳು ಕಿತ್ತಿದ್ದ ಪ್ಲಗ್ಗನ್ನೂ ವೈಫೈಯನ್ನೂ ಮತ್ತೆ ಹಾಕಿ ಫೋನ್ ತೆಗೆದ. ಮನೆಯ ವೈಫೈಗೆ ಸೇರಿಕೊಂಡದ್ದನ್ನೆಲ್ಲ ಒಂದೊಂದಾಗಿ ಓದಿದ. ಮುಂದಿನ ಕೋಣೆ. ಅಡುಗೆಮನೆ. ಅಮ್ಮನ ಕೋಣೆ. ಟಿವಿ. ಅವಳ ಫೋನು. ಹಾಡಿನ ಡಬ್ಬಿ.

ಆಮೇಲೆ ನಿಲ್ಲಿಸಿದ.

"ಅಮ್ಮನ ಟ್ಯಾಬ್ ಎಲ್ಲಿಟ್ಟಿದೀರಿ?"

ಬೀರುವಿನಲ್ಲಿ, ಸುತ್ತಿ, ಎಂಟು ತಿಂಗಳಿಂದ ಚಾರ್ಜಿಗೂ ಹಾಕಿಲ್ಲ ಎಂದಳು.

"ಅದು ಎಚ್ಚರ ಇದೆ. ಈಗ, ಈ ಕ್ಷಣದಲ್ಲಿ."

ಅವಳು ಬೀರುವಿನ ಖಾನೆ ಎಳೆದಳು. ಗಂಟು ಇದ್ದಲ್ಲೇ ಇತ್ತು. ಬಿಚ್ಚಲು ಅವಳು ಹಿಂಜರಿದಾಗ ಅವನು ಮುಂದೆ ಬಂದು, ಕೇಳುವ ಹಾಗೆ ನೋಡಿ, ಅವಳು ತಲೆಯಾಡಿಸಿದ ಮೇಲೆ ಗಂಟು ಸಡಿಲಿಸಿದ.

ಸೀರೆಯ ತುಂಡಿನೊಳಗೆ ಎರಡು ರಟ್ಟುಗಳಿದ್ದವು. ಅವಳದೇ ಕೆಲಸದ ದಪ್ಪ ರಟ್ಟು. ಟ್ಯಾಬಿನ ಅಳತೆಗೆ ಕತ್ತರಿಸಿ, ಒಂದರ ಮೇಲೊಂದು ಜೋಡಿಸಿದ್ದು.

ಗಡಿಯಾರ ನಾಲ್ಕು ಗಂಟೆ ದಾಟಿತು.

ಕಪಾಟಿನ ಮೇಲಿನ ಸ್ಪೀಕರಿನಲ್ಲಿ ಹಾಡು ಶುರುವಾಯಿತು.

ಅವಳು ತನಗೇ ತಿಳಿಯದೆ ಅವನ ತೋಳು ಹಿಡಿದಳು. ಹಿಡಿದದ್ದು ತಿಳಿದ ಮೇಲೂ ಬಿಡಲಿಲ್ಲ.

"ಅಡುಗೆಮನೆಗೆ ಹೋಗಿ ನೋಡೋಣ," ಎಂದ ಅವನು ಮೆಲ್ಲಗೆ.

ಹೋದರು. ಎರಡು ಉಸಿರು. ಹಾಡು ಅಲ್ಲಿಗೆ ಬಂತು. ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ. ಮರೆತದ್ದೇನೋ ನೆನಪಾದವನ ಮುಖ ಅದು.

"ನಿಮ್ಮ ಫೋನ್ ಎಲ್ಲಿದೆ?"

ಏಪ್ರನ್ನಿನ ಜೇಬಿನಲ್ಲಿ. ಯಾವಾಗಲೂ ಅಲ್ಲೇ.

ಅದನ್ನು ಇಲ್ಲಿಟ್ಟು ನೀವೊಬ್ಬರೇ ಮುಂದಿನ ಕೋಣೆಗೆ ಹೋಗಿ ಎಂದ. ಅವಳು ಹೋದಳು. ನಿಂತಳು. ಒಂದು ಉಸಿರು, ಎರಡು, ಹತ್ತು... ಹಾಡು ಬರಲಿಲ್ಲ. ಅಡುಗೆಮನೆಯಲ್ಲೇ ಫೋನಿನ ಪಕ್ಕ ಹಾಡಿಕೊಂಡಿತ್ತು.

ಹದಿನೈದು ದಿನ ಯಾವುದಕ್ಕೆ ಹೆದರಿ ಓಡಿದ್ದಳೋ, ಅದು ಈಗ ಹಿಂದೆ ಬರಲಿಲ್ಲವೆಂದು ಅವಳ ಎದೆ ಯಾಕೆ ಹಿಂಡಿತು? ಅವಳಿಗೇ ತಿಳಿಯಲಿಲ್ಲ.

ಅವನು ಬಾಗಿಲಿಗೆ ಬಂದು ಹೇಳಿದ. ಅಮ್ಮನಿಗೆ ಕೋಣೆ ಆರಿಸುವಷ್ಟು ಬೆರಳು ಆಡುತ್ತಿರಲಿಲ್ಲವಂತೆ. ನನ್ನ ಮಗಳು ಒಂದು ಕಡೆ ನಿಲ್ಲುವವಳಲ್ಲ, ಅವಳೆಲ್ಲಿದ್ದರೂ ನನ್ನ ದನಿ ಅಲ್ಲಿಗೆ ಹೋಗುವ ಹಾಗೆ ಮಾಡಿಕೊಡು ಎಂದಳಂತೆ. ಅವನು ಅವಳ ಫೋನನ್ನು ಗುರುತಾಗಿಟ್ಟ. ಫೋನ್ ಯಾವ ಸ್ಪೀಕರಿಗೆ ಹತ್ತಿರವೋ, ಅಮ್ಮನ ಟ್ಯಾಬಿನದೆಲ್ಲ ಅಲ್ಲಿಗೆ.

"ನಿಮಗೆ ಹೇಳ್ಬೇಡ ಅಂದ್ರು. ಹೇಳಿದ್ರೆ ಫೋನ್ ಬಿಟ್ಟು ಓಡಾಡ್ತಾಳೆ ಅಂತ."

ನಗು ಬರುವುದರಲ್ಲಿತ್ತು. ಬರಲಿಲ್ಲ. ಟ್ಯಾಬನ್ನು ತೆಗೆದವರು ಯಾರು, ಒತ್ತಿದವರು ಯಾರು?

ಮನೆಯಲ್ಲಿ ಮುಚ್ಚಿದ್ದ ಬಾಗಿಲು ಒಂದೇ.

ಅವಳು ಫೋನನ್ನು ಜೇಬಿಗೆ ಹಾಕಿಕೊಂಡು, ಅಮ್ಮನ ಕೋಣೆಯ ಬಾಗಿಲನ್ನು ಬೆರಳ ತುದಿಯಿಂದ ದೂಡಿದಳು.

ಚಿಕ್ಕಮ್ಮ ಅಕ್ಕನ ಮಂಚದಲ್ಲಿ ಮಗ್ಗುಲಾಗಿ ಮಲಗಿದ್ದಳು, ಬೆನ್ನು ಬಾಗಿಲಿಗೆ. ದಿಂಬಿನ ಮೇಲೆ ಟ್ಯಾಬ್ ಒರಗಿಸಿತ್ತು. ಅದರ ತುಂಬ ಅಮ್ಮನ ಮುಖ. ಕಾಯಿಲೆಗೆ ಮುಂಚಿನ ತುಂಬುಗೆನ್ನೆಯ ಮುಖ. ಚಿಕ್ಕಮ್ಮ ತನ್ನ ಒರಟು ಬೆರಳಿನಿಂದ ಆ ಕೆನ್ನೆಯನ್ನು ಸವರುತ್ತಿದ್ದಳು. ಮತ್ತೆ ಮತ್ತೆ, ಮಗುವನ್ನು ಮಲಗಿಸುವ ಹಾಗೆ.

ಅವನು ಅವಳ ಕಿವಿಯ ಹತ್ತಿರ ಪಿಸುಗುಟ್ಟಿದ. ಅದು ಬರೀ ಫೋಟೋ ಅಲ್ಲ, ಅಮ್ಮ ತಾನೇ ಜೋಡಿಸಿಟ್ಟ ಹಾಡುಗಳ ಪಟ್ಟಿ. ಮುಖ ಒಮ್ಮೆ ಮುಟ್ಟಿದರೆ ಮೊದಲಿನಿಂದ ಶುರುವಾಗುತ್ತದೆ, ಆಮೇಲೆ ಎಷ್ಟು ಸಲ ಮುಟ್ಟಿದರೂ ಮುಗಿಯುವ ತನಕ ನಿಲ್ಲುವುದಿಲ್ಲ. ಪಟ್ಟಿಯ ಹೆಸರು, ಮಗಳಿಗೆ.

ಚಿಕ್ಕಮ್ಮನಿಗೆ ಗೊತ್ತಿರಲಿಲ್ಲ. ಕೇಳಿಸುತ್ತಲೂ ಇರಲಿಲ್ಲ. ಅಕ್ಕನ ಕೆನ್ನೆ ಮುಟ್ಟುತ್ತಿದ್ದೇನೆ ಎಂದಷ್ಟೇ ಅವಳಿಗೆ ಗೊತ್ತಿದ್ದದ್ದು.

ಎರಡು ಉಸಿರಾದ ಮೇಲೆ ಹಾಡು ಆ ಕೋಣೆಗೂ ಬಂತು, ಮಂಚದ ತಲೆಯ ಕಡೆಯ ಸಣ್ಣ ಸ್ಪೀಕರಿಗೆ. ಕಿವಿಗೆ ಗೇಣು ದೂರದಲ್ಲಿ ಹಾಡುತ್ತಿದ್ದರೂ ಚಿಕ್ಕಮ್ಮ ಅಲುಗಲಿಲ್ಲ. ಮೂರನೆಯ ಹಾಡು ಮುಗಿಯಿತು. ಗಾಳಿ ಆಡಿದಂತಹ ಸದ್ದು.

ಕೆಮ್ಮು. ಒಮ್ಮೆ... ಇನ್ನೊಮ್ಮೆ...

ಅವಳ ಕೈ ತಾನಾಗಿಯೇ ಗೋಡೆಯ ಸ್ವಿಚ್ಚಿಗೆ ಹೋಯಿತು. ಅವನು ತನ್ನ ಅಂಗೈಯನ್ನು ಸ್ವಿಚ್ಚಿನ ಮೇಲೆ ಮುಚ್ಚಿದ.

"ಒಂದೇ ಒಂದು ಸಲ ಪೂರ್ತಿ ಕೇಳಿ. ಆಮೇಲೆ ನಾನೇ ಅಳಿಸ್ತೀನಿ."

"ಮಗಳೇ..." ಎಂದಿತು ಸ್ಪೀಕರು.

"ತಂತಿಯವನು ಹೇಳಿಕೊಟ್ಟ ಹಾಗೇ ಒತ್ತಿದೀನಿ. ಬಂತೋ ಇಲ್ವೋ ಗೊತ್ತಿಲ್ಲ. ನೀನೀಗ ಅಂಗಡಿಗೆ ಹೋಗಿದೀಯ, ಅದಕ್ಕೇ ಹೇಳ್ತಿದೀನಿ. ಶನಿವಾರ ಶನಿವಾರ ನಿಂಗೆ ಅಡುಗೆಮನೆಗೆ ಹಾಡು ಬರ್ತಿತ್ತಲ್ಲ... ಅದೆಲ್ಲ ನನ್ನ ಟ್ಯಾಬಲ್ಲಿ ಕಾಣಿಸ್ತಿತ್ತು ಕಣೆ. ಯಾರು ಕಳಿಸಿದ್ದು, ಯಾವ ಹಾಡು. ನೀನು ಒಂದು ಪಾಯಿಂಟ್ ಇಳಿಸ್ತಿದ್ದೆ. ಅದೂ ಕಾಣಿಸ್ತಿತ್ತು."

ಅವಳ ಕೆನ್ನೆಗೆ ಬಿಸಿ ಏರಿತು. ಅವನು ನೆಲ ನೋಡಿದ.

"ಮೊದಮೊದ್ಲು ನಗು ಬರ್ತಿತ್ತು. ಆಮೇಲೆ ಭಯ ಆಯ್ತು. ನೀನು ಹೋದ್ರೆ ನನ್ನನ್ನ ಮಗ್ಗುಲು ತಿರುಗಿಸೋರು ಯಾರು ಅಂತ. ಅವನಿಗೆ ಹೇಳ್ದೆ, ಅವಳಿಗೆ ಗಂಡು ಗೊತ್ತಾಗಿದೆ, ನೀನು ಬರಬಾರ್ದು ಅಂತ ಅವಳೇ ಹೇಳಿದಾಳೆ ಅಂತ. ಅವನು ಜಗಳ ಆಡ್ಲಿಲ್ಲ. ಅವರ ಕೈಲಿ ಎರಡು ಸಾಲು ಬರೆಸಿ ಕಳಿಸಿ ಸಾಕು, ಅಂಗಡಿ ಬಾಗಿಲಿಗೆ ಡಬ್ಬಿ ಹಾಕಿಸ್ತೀನಿ ಅಂದ. ಆಯ್ತಪ್ಪ ಅಂದೆ. ನಿಂಗೆ ಹೇಳ್ಲೇ ಇಲ್ಲ."

ಕೆಮ್ಮು. ಏದುಸಿರು.

"ಎದುರಿಗೆ ಹೇಳಕ್ಕೆ ಬಾಯಿ ಬರ್ಲಿಲ್ಲ. ಹೇಳಿದ್ರೆ ನೀನು ನೀರು ಕೊಡ್ತೀಯ, ಮುಖ ಕೊಡಲ್ಲ. ನಾನು ಹೋದ್ಮೇಲೆ ಕೇಳಿಸ್ಲಿ ಅಂತ ಇಟ್ಟಿದೀನಿ. ಬೈಕೋ. ಪೂರ್ತಿ ಕೇಳಿ ಬೈಕೋ. ಈಗ ಇದನ್ನ ನಿಲ್ಸೋದು ಎಲ್ಲಿ... ಇಲ್ಲೋ... ಇದೋ..."

ಮಾತು ನಿಂತಿತು. ಸದ್ದು ನಿಲ್ಲಲಿಲ್ಲ. ಎಲ್ಲಿ ಒತ್ತಬೇಕೆಂದು ಅಮ್ಮನಿಗೆ ತಿಳಿದಿರಲಿಲ್ಲ.

ಸ್ಪೀಕರಿನೊಳಗೆ ಈ ಮನೆಯೇ ಇತ್ತು, ಆ ದಿನದ ಮನೆ. ಗಡಿಯಾರದ ಟಿಕ್‌ಟಿಕ್. ದೂರದಲ್ಲಿ ಗೇಟಿನ ಕಿರ್ರ್. ಹೆಜ್ಜೆ, ಚೀಲ ಇಟ್ಟ ಸದ್ದು. ಆಮೇಲೆ ಒಂದು ಹೆಣ್ಣುದನಿ, ಗೆಲುವಾಗಿ.

"ಅಮ್ಮಾ, ಬಂದೆ. ಯಾರ ಹತ್ರ ಮಾತಾಡ್ತಿದ್ದೆ?"

ಅವಳ ಮೈಯ ಕೂದಲೆಲ್ಲ ನಿಂತಿತು. ಅದು ಅವಳದೇ ದನಿ.

"ಯಾರೂ ಇಲ್ಲ ಕಣೆ," ಎಂದಳು ಅಮ್ಮ. "ಬಾ, ಇಲ್ಲಿ ಕೂತ್ಕೋ."

ಅಲ್ಲಿಗೆ ಮುಗಿಯಿತು.

ಮಂಚದ ಮೇಲೆ ಚಿಕ್ಕಮ್ಮನ ಬೆರಳು ಇನ್ನೂ ಆ ಕೆನ್ನೆಯ ಮೇಲಿತ್ತು. ಅವಳು ಹೋಗಿ ಮಂಚದ ಅಂಚಿನಲ್ಲಿ ಕೂತಳು. ಚಿಕ್ಕಮ್ಮ ಬೆಚ್ಚಿ ತಿರುಗಿ, ಸಿಕ್ಕಿಬಿದ್ದ ಮಗುವಿನ ಹಾಗೆ ಟ್ಯಾಬನ್ನು ಸೆರಗಿನಡಿ ಮುಚ್ಚಿಕೊಂಡಳು. ನಿನಗೆ ನೋವಾಗುತ್ತದೆಂದು ಹೇಳಲಿಲ್ಲ, ನಿನ್ನ ರಟ್ಟು ಎರಡು ಹಾಳುಮಾಡಿದೆ, ಬೈಯಬೇಡ ಎಂದು ಅಗತ್ಯಕ್ಕಿಂತ ಜೋರಾಗಿ ಹೇಳಿದಳು. ಅವಳು ಬೈಯಲಿಲ್ಲ. ಚಿಕ್ಕಮ್ಮನ ಹೆಗಲಿಗೆ ಮುಖವಿಟ್ಟು, ಎಂಟು ತಿಂಗಳಿಂದ ಅಳದೆ ಉಳಿಸಿಕೊಂಡಿದ್ದನ್ನೆಲ್ಲ ಅತ್ತಳು. ಯಾರ ಮೇಲಿನ ಸಿಟ್ಟು, ಯಾರ ಮೇಲಿನ ಪ್ರೀತಿ ಎಂದು ಬಿಡಿಸಿ ನೋಡಲಾಗದ ಅಳು.

*

ಅವಳು ಮುಖ ತೊಳೆದು ಬಂದಾಗ ಅವನು ಸ್ಕ್ರೂಡ್ರೈವರ್‌ಗಳನ್ನು ಚೀಲಕ್ಕೆ ತುಂಬುತ್ತಿದ್ದ. ಒಂದನ್ನೂ ಬಳಸಿರಲಿಲ್ಲ.

"ಅಳಿಸ್ಲಾ?"

ಅವಳು ತಲೆಯಾಡಿಸಿದಳು. ಬೇಡ.

"ಒಂದು ಮಾತು ಕೇಳ್ಬೋದಿತ್ತು ನೀವು," ಎಂದಳು. "ಬೀದೀಲಿ ಸಿಕ್ಕಾಗ. ಒಂದೇ ಒಂದು ಮಾತು."

"ಇನ್ನೊಬ್ಬರ ಹೆಂಡತಿ ಅಂದ್ಕೊಂಡಿದ್ದೆ. ನಿಮ್ಮ ಬೀದೀನೇ ಬಿಟ್ಟು ಸುತ್ತಿ ಹೋಗ್ತಿದ್ದೆ. ಡಬ್ಬಿ ಮಾತ್ರ ದಿನಾ ತೆಗೆದು ನೋಡ್ತಿದ್ದೆ. ಬರಬೇಡಿ ಅಂತಾದ್ರೂ ನಿಮ್ಮ ಅಕ್ಷರ ಇರ್ಲಿ ಅಂತ."

ಆಗ ನೆನಪಾಯಿತು ಅವಳಿಗೆ, ದೂಳಿಲ್ಲದ ಆ ಡಬ್ಬಿ.

ಅವಳು ಕಪಾಟಿನಿಂದ ನೀಲಿ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು. ತಾನು ಕಟ್ಟಿದ ಪುಸ್ತಕವನ್ನು ಅವಳು ಎಂದೂ ಕೊಯ್ದವಳಲ್ಲ. ಚಾಕುವಿನ ತುದಿಯನ್ನು ಒಳಹಾಳೆಯ ಅಂಚಿಗೆ ಕೊಟ್ಟು, ಉಸಿರು ಬಿಗಿಹಿಡಿದು, ಒಂದೇ ಗೆರೆಯಲ್ಲಿ ಸೀಳಿದಳು. ರಟ್ಟಿನ ಮಗ್ಗುಲಿಂದ ಲಕೋಟೆ ಹೊರಬಂತು. ಅಂಟಿನ ಕಲೆ ಮೂಲೆಯಲ್ಲಿ ಹಳದಿಯಾಗಿತ್ತು. ಅಂಚೆಚೀಟಿ ಅಂಟಿಕೊಂಡೇ ಇತ್ತು. ವಿಳಾಸ ಮಾಸಿರಲಿಲ್ಲ.

ಅವನು ತನ್ನ ಅಂಗಡಿಯ ವಿಳಾಸವನ್ನು ಎರಡು ಸಲ ಓದಿದ.

"ಯಾವಾಗ ಬರೆದದ್ದು?"

"ನೀವು ಬರದೇ ಹೋದ ಮೂರನೇ ಶನಿವಾರ."

ಅವಳು ಲಕೋಟೆಯನ್ನು ಅವನತ್ತ ಚಾಚಿದಳು. ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಕೈಗೆ ಬೇಡ. ಎರಡು ವರ್ಷ ಡಬ್ಬಿ ಒರೆಸಿದೀನಿ. ಅದರೊಳಗೇ ಬಂದು ಬೀಳ್ಬೇಕು."

"ಹುಚ್ಚು ನಿಮಗೆ," ಎಂದಳು ಅವಳು. ಅಮ್ಮ ಹೋದ ಮೇಲೆ ಮೊದಲ ಸಲ ಅವಳಿಗೆ ಒಂದು ನಗು ಬಂತು. ಅರ್ಧ ಅಳುವಿನೊಳಗಿಂದ, ಒದ್ದೆಯಾಗಿ.

ಐದು ಗಂಟೆಗೆ ಅಂಚೆಯವನು ಬಂದು ಪೆಟ್ಟಿಗೆ ಖಾಲಿ ಮಾಡುತ್ತಾನೆ. ಇಬ್ಬರೂ ಹೊರಟರು. ಅವರು ಅಂಗಳಕ್ಕೆ ಇಳಿಯುವಾಗ ಹಿಂದೆ ಮುಂದಿನ ಕೋಣೆಯಲ್ಲಿ ಅಮ್ಮನ ಮೊದಲನೇ ಹಾಡು ಮತ್ತೆ ಶುರುವಾಯಿತು. ಅವಳು ತಿರುಗಿ ನೋಡಿದಳು. ಕಿಟಕಿಯಲ್ಲಿ ಚಿಕ್ಕಮ್ಮ ನಿಂತಿದ್ದಳು, ಈಗ ಕಿವಿಗೆ ಮಷೀನು ಹಾಕಿಕೊಂಡು, ಎರಡೂ ಕೈಗಳಲ್ಲಿ ಖಾಲಿ ಟೀ ಲೋಟ ಹಿಡಿದು, ಬಾಯಿ ಬಿಟ್ಟುಕೊಂಡು ಆ ಹಾಡು ಕೇಳುತ್ತ.

ಅವರು ಗೇಟಿನ ಹತ್ತಿರ ಬಂದರು. ಹಾಡಿನ ದನಿ ತುಸು ಇಳಿಯಿತು. ಒಂದೇ ಒಂದು ಪಾಯಿಂಟ್.

ಅವಳು ನಿಂತುಬಿಟ್ಟಳು. ಅವನೂ.

"ನೀವಾ?"

ಅವನು ಎರಡೂ ಅಂಗೈ ಬಿಡಿಸಿ ತೋರಿಸಿದ. ಫೋನು ಚೀಲದಲ್ಲಿತ್ತು. "ನಾನಲ್ಲ. ನೀವಾ?"

ಅವಳ ಒಂದು ಕೈಯಲ್ಲಿ ಲಕೋಟೆ, ಇನ್ನೊಂದು ಕೈ ಗೇಟಿನ ಚಿಲಕದ ಮೇಲೆ. ಒಳಗೆ, ಮಂಚದ ಮೇಲೆ, ಟ್ಯಾಬಿನ ಹತ್ತಿರ ಯಾರೂ ಇರಲಿಲ್ಲ.

ಬಿಸಿಲಿನಲ್ಲಿ ನಿಂತೇ ಇಬ್ಬರ ತೋಳಿನ ಮೇಲೂ ರೋಮ ಎದ್ದಿತು. ಆದರೆ ಈ ಸಲ ಅವಳಿಗೆ ಓಡಬೇಕೆನಿಸಲಿಲ್ಲ.

"ಅಮ್ಮನಿಗೆ ಕೇಳಿಸ್ತಂತೆ," ಎಂದಳು ಮೆಲ್ಲಗೆ.

ಗೇಟು ತೆರೆದು ಬೀದಿಗೆ ಹೆಜ್ಜೆಯಿಟ್ಟಳು. ನಾಲ್ಕು ಹೆಜ್ಜೆ, ಐದು... ಮನೆಯ ವೈಫೈ ಅವಳ ಜೇಬಿನ ಫೋನನ್ನು ಬಿಟ್ಟುಕೊಟ್ಟಿತು. ಹಾಡು ಪದದ ನಡುವೆಯೇ ನಿಂತಿತು. ಅಲ್ಲಿಂದ ಮುಂದಕ್ಕೆ ಅದು ಬರಲಿಲ್ಲ.

ಅಂಚೆಪೆಟ್ಟಿಗೆಯ ಹತ್ತಿರ ಅವನು ಒಂದು ಹೆಜ್ಜೆ ಹಿಂದೆ ನಿಂತ.

"ಒಳಗೆ ಏನು ಬರೆದಿದೀರಿ?"

"ನಾಳೆ ಓದ್ಕೊಳಿ."

"ನಾಳೆ ಭಾನುವಾರ. ಸೋಮವಾರದ ತನಕ ಕಾಯ್ಬೇಕು ಬೈಂಡರಮ್ಮ."

"ಎರಡು ವರ್ಷ ಕಾದವರಿಗೆ ಒಂದು ಭಾನುವಾರ ಏನು ಮಹಾ? ಬೇಕಾದ್ರೆ ಭಾನುವಾರ ಮನೆಗೆ ಬನ್ನಿ. ಪಾತ್ರೆ ತೊಳೆಯೋ ಹೊತ್ತಿಗೆ."

ಅವಳು ಲಕೋಟೆಯನ್ನು ಪೆಟ್ಟಿಗೆಯ ಬಾಯಿಗೆ ತುರುಕಿ, ಒಂದು ಕ್ಷಣ ಅದರ ಅಂಚನ್ನು ಹಿಡಿದುಕೊಂಡೇ ಇದ್ದು, ಬೆರಳು ಬಿಟ್ಟಳು. ಪೆಟ್ಟಿಗೆಯ ತಳದಲ್ಲಿ ಅದು ಬಿದ್ದ ಸದ್ದು ಇಬ್ಬರಿಗೂ ಕೇಳಿಸಿತು.